ಕಾಫಿ ಬೆಳೆಯುವ ಕ್ಯೂಬಾದವರು ಕಾಫಿಗೆ ಬಟಾಣಿ ಯಾಕೆ ಬೆರೆಸುತ್ತಾರೆ?

ಹೂಮಳೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಹನ್ನೊಂದು ಎಕರೆ ತೋಟ, ಜೊತೆಗೆ ಎರಡು ರೂಮಿನ ಹೋಂಸ್ಟೇ. ಹೋದ ವಾರ ಕ್ಯೂಬಾದ ಒಬ್ಬ ಹೆಂಗಸು ಬಂದಿದ್ದರು. ಈಗ ಸ್ಪೇನಿನಲ್ಲಿ ಇದ್ದಾರಂತೆ, ವಯಸ್ಸು ಐವತ್ತರ ಆಸುಪಾಸು. ಹಾಲು ಬೇಡ ಅಂದರು. ಅಮ್ಮ ನಮ್ಮ ದಿನದ ಚಿಕೋರಿ ಪುಡಿಯಲ್ಲೇ ಡಿಕಾಕ್ಷನ್ ಇಳಿಸಿ, ಸಕ್ಕರೆ ಹಾಕಿ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಇದರಲ್ಲಿ ಏನೋ ಬೆರೆಸಿದ್ದೀರಿ, ಅಲ್ವಾ?" ಅಂತ ಕೇಳಿದರು. ಅಮ್ಮನಿಗೆ ಮುಖ ಸಣ್ಣಗಾಯಿತು.

ಆದರೆ ಅವರು ದೂರಿದ್ದಲ್ಲ. ಅಜ್ಜಿ ಮನೆ ನೆನಪಾಯಿತಂತೆ. ಅಜ್ಜಿ ಗ್ವಾಂಟಾನಮೊ ಕಡೆಯ ಬೆಟ್ಟದಲ್ಲಿ ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದರಂತೆ. ಮನೆಯಲ್ಲಿ ಕುಡಿಯುತ್ತಿದ್ದದ್ದು ಮಾತ್ರ ಹುರಿದ ಬಟಾಣಿ ಬೆರೆಸಿದ ರೇಷನ್ ಪುಡಿ. ಹೇಳುತ್ತಲೇ ಕಣ್ಣು ಒರೆಸಿಕೊಂಡರು. ಇನ್ನೊಂದು ಲೋಟ ಕೇಳಿ ಕುಡಿದರು.

ನನಗೆ ಕ್ಯೂಬಾ ಅಂದರೆ ಕ್ಯಾಸ್ಟ್ರೊ, ಚೆ ಗೆವಾರ, ಸಿಗಾರ್. ಅಷ್ಟೇ. ತೋಟದ ನಡುವೆಯೇ ಇದ್ದು ಬಟಾಣಿ ಕುಡಿಯುವ ಹಾಗೆ ಯಾಕಾಯಿತು? ತಿಂಗಳ ಕೊನೆಗೆ ಅವರು ಮತ್ತೆ ಬರುತ್ತಾರೆ. ಅವರ ಜನದ ಬಗ್ಗೆ ಏನಾದರೂ ತಿಳಿದುಕೊಂಡು ಮಾತಾಡಬೇಕು ಅಂತ ಆಸೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕಣದ ಮನೆ, ಸಕಲೇಶಪುರ

ತಂಗಿ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಾನು 31 ವರ್ಷ ಹಾಸನದ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಕಾಫಿ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯಲ್ಲಿ, ಇದ್ದವನು. ಮಗಳು ಟೊರಾಂಟೊದಲ್ಲಿದ್ದಾಳೆ. ಅಲ್ಲಿಯವರು ಚಳಿಗಾಲಕ್ಕೆ ಕ್ಯೂಬಾಕ್ಕೆ ಹೋಗುವುದು ಮಾಮೂಲು. 2018ರ ಜನವರಿಯಲ್ಲಿ ನಮ್ಮನ್ನೂ ಕರೆದುಕೊಂಡು ಹೋದಳು. ಅವರೆಲ್ಲ ಸಮುದ್ರಕ್ಕೆ ಇಳಿದರು. ನಾನು ಸಾಂಟಿಯಾಗೊ ಊರಿಂದ ಒಂದು ಹಳೆಯ ಕಾರು ಮಾಡಿಕೊಂಡು ಗ್ರಾನ್ ಪಿಯೆದ್ರಾ ಬೆಟ್ಟ ಹತ್ತಿದೆ. ಅಲ್ಲಿ ಲಾ ಇಸಬೆಲಿಕಾ ಅಂತ ಹಳೆಯ ಕಾಫಿ ತೋಟದ ಮನೆ ಇದೆ, ಈಗ ಮ್ಯೂಸಿಯಂ.

ರಸ್ತೆ ನಮ್ಮ ಬಾಬಾಬುಡನಗಿರಿ ರಸ್ತೆಯ ಹಾಗೇ. ತಿರುವು, ಮಂಜು, ಜರಿಗಿಡ. ಮೇಲೆ ಎರಡು ಅಂತಸ್ತಿನ ಕಲ್ಲಿನ ಮನೆ. ಅದರ ಮುಂದೆ ಕಾಫಿ ಒಣಗಿಸುವ ಕಣ! ಕಲ್ಲು ಗಾರೆ ಹಾಕಿ ಕಟ್ಟಿದ್ದು. ನಾನು ಕೂತು ಅಂಗೈಯಲ್ಲಿ ಸವರಿ ನೋಡಿದೆ. ಇನ್ನೂರು ವರ್ಷದ ಕಣ, ನಮ್ಮ ಅಜ್ಜನ ಕಾಲದ ಕಣದ ಹಾಗೇ ನುಣುಪು. ಪಕ್ಕದಲ್ಲಿ ದುಂಡಗೆ ಒಂದು ಕಲ್ಲಿನ ತೊಟ್ಟಿ, ಅದರೊಳಗೆ ಸುತ್ತುವ ಮರದ ಚಕ್ರ. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ ಅದು. ಜೀವಮಾನವೆಲ್ಲ ಹಲ್ಲರ್ ಶಬ್ದ ಕೇಳಿದವನು ನಾನು, ಅದರ ಮುಂದೆ ತುಂಬಾ ಹೊತ್ತು ನಿಂತೆ. ಆಮೇಲೆ ಮೇಲಿನ ಮಹಡಿಗೆ ಹೋದೆ. ಯಜಮಾನ ಇರುತ್ತಿದ್ದದ್ದು ಅಲ್ಲಿ. ಕಿಟಕಿಯಲ್ಲಿ ನಿಂತರೆ ಕಣ ಪೂರ್ತಿ ಕಾಣುತ್ತೆ. ಕೆಳಗೆ ಕಾಫಿ ಕೆದಕುತ್ತಿದ್ದವರು ಗುಲಾಮರು. ಅದು ನೆನಪಾದ ಮೇಲೆ ಆ ಕಣ ಮೊದಲಿನ ಹಾಗೆ ಕಾಣಲಿಲ್ಲ.

ಕತೆ ಶುರುವಾಗುವುದೇ ಅಲ್ಲಿಂದ. ಪಕ್ಕದ ದ್ವೀಪದ ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದರು. ಅಲ್ಲಿಂದ ಓಡಿ ಬಂದ ಫ್ರೆಂಚ್ ತೋಟಗಾರರು ಕ್ಯೂಬಾದ ಪೂರ್ವದ ಬೆಟ್ಟಗಳಲ್ಲಿ ಕಾಫಿ ಹಾಕಿದರು, ಗುಲಾಮರನ್ನೂ ಜೊತೆಗೇ ತಂದರು. ಆ ಜನ ಯಜಮಾನರ ಕುಣಿತ ನೋಡಿ, ತಮ್ಮ ಆಫ್ರಿಕದ ಡೋಲಿಗೆ ಅದನ್ನು ಹೊಂದಿಸಿಕೊಂಡು ಕುಣಿದರು. ಟುಂಬಾ ಫ್ರಾನ್ಸೆಸಾ ಅಂತ ಹೆಸರು. ಗ್ವಾಂಟಾನಮೊದಲ್ಲಿ ಈಗಲೂ ಕುಣಿಯುತ್ತಾರೆ. ನಿಮ್ಮ ಅತಿಥಿಯನ್ನು ಇದರ ಬಗ್ಗೆ ತಪ್ಪದೆ ಕೇಳಿ, ಖುಷಿಪಡುತ್ತಾರೆ.

ಕೆಲವು ದಶಕ ಕಾಫಿ ಚೆನ್ನಾಗಿ ನಡೆಯಿತು. ಆಮೇಲೆ 1844 ಮತ್ತು 1846ರ ಚಂಡಮಾರುತ ತೋಟಗಳನ್ನು ಮಲಗಿಸಿತು. ಅಷ್ಟರಲ್ಲಿ ಕಬ್ಬಿನಲ್ಲಿ ಜಾಸ್ತಿ ದುಡ್ಡು ಕಂಡಿತ್ತು. ದೇಶವೆಲ್ಲ ಕಬ್ಬಾಯಿತು, ಗುಲಾಮರೂ ಅಲ್ಲಿಗೇ. 1868ರ ಅಕ್ಟೋಬರ್ 10ರಂದು ಸೆಸ್ಪೆದೆಸ್ ಅನ್ನುವ ಕಬ್ಬಿನ ಗಿರಣಿಯ ಯಜಮಾನ ತನ್ನ ಗುಲಾಮರನ್ನು ಬಿಡುಗಡೆ ಮಾಡಿ ಸ್ಪೇನಿನ ವಿರುದ್ಧ ಎದ್ದ. ಗುಲಾಮಗಿರಿ ಪೂರ್ತಿ ಹೋಗಿದ್ದು 1886ರಲ್ಲಿ. 1898ರಲ್ಲಿ ಸ್ಪೇನ್ ಸೋತಿತು, ಅಮೆರಿಕ ಒಳಗೆ ಬಂತು. ಗ್ವಾಂಟಾನಮೊ ಕೊಲ್ಲಿಯನ್ನು 1903ರಲ್ಲಿ ಗುತ್ತಿಗೆಗೆ ತೆಗೆದುಕೊಂಡವರು ಇನ್ನೂ ಬಿಟ್ಟಿಲ್ಲ. ಬಾಡಿಗೆ ವರ್ಷಕ್ಕೆ 4,085 ಡಾಲರ್. 1959ರದೊಂದನ್ನು ಬಿಟ್ಟು ಆಮೇಲಿನ ಚೆಕ್ಕುಗಳನ್ನು ಕ್ಯಾಸ್ಟ್ರೊ ಸರ್ಕಾರ ಬ್ಯಾಂಕಿಗೆ ಹಾಕದೆ ಇಟ್ಟುಕೊಂಡಿತು.

ಇನ್ನು ಕ್ಯಾಸ್ಟ್ರೊನ ಕ್ರಾಂತಿ. ಅದಕ್ಕೂ ಕಾಫಿಗೂ ನಂಟಿದೆ. ಸಿಯೆರಾ ಮಾಯೆಸ್ತ್ರಾ ಬೆಟ್ಟದಲ್ಲಿ ಹಕ್ಕುಪತ್ರ ಇಲ್ಲದೆ ಒಂದಿಷ್ಟು ಕಾಫಿ ಹಾಕಿಕೊಂಡಿದ್ದ ಬಡವರನ್ನು ಜಮೀನುದಾರರು ಆಗಾಗ ಒಕ್ಕಲೆಬ್ಬಿಸುತ್ತಿದ್ದರು. 1956ರ ಡಿಸೆಂಬರಿನಲ್ಲಿ ಕ್ಯಾಸ್ಟ್ರೊ ಜೊತೆ ದೋಣಿಯಲ್ಲಿ ಬಂದಿಳಿದವರು 82 ಜನ, ಉಳಿದವರು ಬೆರಳೆಣಿಕೆ. ಅವರನ್ನು ಬಚ್ಚಿಟ್ಟು ಅನ್ನ ಹಾಕಿದವರು ಈ ರೈತರು. ಅದಕ್ಕೇ ಕ್ರಾಂತಿ ಗೆದ್ದ ಮೇಲೆ 1959ರ ಮೇ 17ರಂದು ಭೂಸುಧಾರಣೆ ಕಾನೂನಿಗೆ ಸಹಿ ಬಿದ್ದದ್ದು ಅದೇ ಬೆಟ್ಟದಲ್ಲಿ. ಒಬ್ಬರಿಗೆ ಹೆಚ್ಚೆಂದರೆ 402 ಹೆಕ್ಟೇರ್, ಅಂದರೆ ಸಾವಿರ ಎಕರೆ. ಗೇಣಿದಾರರಿಗೆ ಪತ್ರ ಸಿಕ್ಕಿತು. ನಮ್ಮಲ್ಲಿ 1974ರಲ್ಲಿ ಉಳುವವನೇ ಒಡೆಯ ಅಂದಾಗ ಕಾಫಿ ತೋಟಗಳನ್ನು ಕಾನೂನಿನಿಂದ ಹೊರಗೇ ಇಟ್ಟರು, ನೆನಪಿರಲಿ.

ನಾವು ಉಳಿದಿದ್ದ ಮನೆ ನಿಮ್ಮ ಹೋಂಸ್ಟೇ ಥರದ್ದೇ. ಅವರು ಕಾಸಾ ಪರ್ತಿಕುಲಾರ್ ಅನ್ನುತ್ತಾರೆ. ಮನೆಯಾಕೆಯ ಅತ್ತೆ 1961ರಲ್ಲಿ 14 ವರ್ಷದ ಹುಡುಗಿ. ಆ ವರ್ಷ ಸುಮಾರು ಒಂದು ಲಕ್ಷ ಹುಡುಗ ಹುಡುಗಿಯರು ಲಾಟೀನು, ಜೋಲಿ ಹಿಡಿದು ಹಳ್ಳಿಗಳಿಗೆ ಹೋದರು. ಹಗಲು ರೈತರ ಜೊತೆ ಕೆಲಸ, ರಾತ್ರಿ ಅವರಿಗೆ ಅಕ್ಷರ. ಒಂದೇ ವರ್ಷದಲ್ಲಿ ಏಳು ಲಕ್ಷ ಜನ ಓದುಬರಹ ಕಲಿತರು. ಆ ಲಾಟೀನು ಅವರ ನಡುಮನೆಯಲ್ಲಿ ದೇವರ ದೀಪದ ಹಾಗೆ ಇಟ್ಟಿದ್ದಾರೆ. ಗಾಜು ಒಡೆದಿದೆ, ಬದಲಾಯಿಸಿಲ್ಲ.

ಹಾಗಾದರೆ ಬಟಾಣಿ ಯಾಕೆ? ಕಾಫಿ ಸಾಲದ್ದಕ್ಕೆ. ರೇಷನ್ ಪುಸ್ತಕ 1962ರಲ್ಲಿ ಬಂತು, ಅದೇ ವರ್ಷ ಅಮೆರಿಕದ ಪೂರ್ತಿ ದಿಗ್ಬಂಧನವೂ. 60ರ ದಶಕದ ಆರಂಭದಲ್ಲಿ 60,000 ಟನ್ ಕಾಫಿ ಬೆಳೆಯುತ್ತಿದ್ದ ದೇಶ ಈಚಿನ ವರ್ಷಗಳಲ್ಲಿ 10,000 ಟನ್ ಬೆಳೆಯಲು ಒದ್ದಾಡುತ್ತಿದೆ. ದಿಗ್ಬಂಧನದಿಂದ ಗೊಬ್ಬರ, ಬಿಡಿಭಾಗ, ಸಾಲ ಎಲ್ಲಕ್ಕೂ ಕಷ್ಟ. ಅದು ದೊಡ್ಡ ಅನ್ಯಾಯ. ಆದರೆ ಕಾಫಿಯವನಾಗಿ ಹೇಳುತ್ತೇನೆ, ಅದೊಂದೇ ಕಾರಣ ಅಲ್ಲ. ಬೆಳೆದದ್ದನ್ನೆಲ್ಲ ಸರ್ಕಾರವೇ ಕೊಳ್ಳುವುದು, ರೇಟೂ ಅದರದ್ದೇ. ನಮ್ಮಲ್ಲೂ ಪೂಲ್ ಪದ್ಧತಿ ಇತ್ತು, ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಅದು ಪೂರ್ತಿ ಹೋದದ್ದು 1996ರಲ್ಲಿ. ಮಾರುವ ಸ್ವಾತಂತ್ರ್ಯ ಇಲ್ಲದ ಬೆಳೆಗಾರ ಗಿಡಕ್ಕೆ ಎಷ್ಟು ದಿನ ಆರೈಕೆ ಮಾಡುತ್ತಾನೆ? 1968ರಲ್ಲಿ ಹವಾನಾ ಸುತ್ತ ಬಯಲಿನಲ್ಲಿ ಕಾಫಿ ಹಾಕಿಸಿದರು. ಊರಿನ ಜನ ಸ್ವಂತ ಇಚ್ಛೆಯಿಂದ ಬಂದು ನೆಟ್ಟರು, ಪಾಪ. ಎತ್ತರವಿಲ್ಲದ ನೆಲ, ಕೆಲಸ ಗೊತ್ತಿಲ್ಲದ ಕೈ. ಎಲ್ಲ ಹೋಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದ ಮೇಲಂತೂ ಮೂರು ವರ್ಷದಲ್ಲಿ ಆರ್ಥಿಕತೆಯ ಮೂರನೇ ಒಂದು ಭಾಗ ಕರಗಿತು. ಸಕ್ಕರೆ ನೀರು ಕುಡಿದು ಮಲಗಿದ ರಾತ್ರಿಗಳನ್ನು ಮನೆಯಾಕೆ ಲೆಕ್ಕ ಹಾಕಿ ಹೇಳಿದರು.

ನಡುವೆ ಕೆಲವು ವರ್ಷ ಬಟಾಣಿ ನಿಂತಿತ್ತು. 2011ರಲ್ಲಿ ಮತ್ತೆ ಬಂತು. ನಾನು ಹೋದಾಗ ರೇಷನ್ ಪೊಟ್ಟಣ 115 ಗ್ರಾಮ್ ಇತ್ತು, ಒಬ್ಬರಿಗೆ ಒಂದು ತಿಂಗಳಿಗೆ. ನನಗೆ ಅದರಲ್ಲೇ ಕಾಫಿ ಮಾಡಿಕೊಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ.

ಬೇಲೂರಿನ ನರ್ಸ್, ಕತಾರ್

ಕಣದ ಮನೆ ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ವಿಷಯ ಬಿಟ್ಟುಹೋಗಿದೆ ಅನ್ನಿಸಿತು. ನನಗೆ ಇಲ್ಲಿ ಕ್ಯೂಬಾದ ಡಾಕ್ಟರು, ನರ್ಸುಗಳ ಪರಿಚಯ ಇದೆ. ಅಂಥ ಕೆಲಸದವರು ಸಿಗುವುದು ಅಪರೂಪ. ಆದರೆ ಅವರ ದುಡಿಮೆಯಲ್ಲಿ ಹೆಚ್ಚಿನ ಪಾಲು ಅವರ ಸರ್ಕಾರಕ್ಕೆ ಹೋಗುತ್ತೆ. ನಡುವೆ ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರೆ ಎಂಟು ವರ್ಷ ಊರಿಗೆ ಬಿಡುವುದಿಲ್ಲ. ತಾಯಿ ತೀರಿಕೊಂಡರೂ ಇಲ್ಲ. 2021ರ ಜುಲೈ 11ರಂದು ಜನ ಬೀದಿಗೆ ಬಂದಾಗ ನೂರಾರು ಮಂದಿಯನ್ನು ಜೈಲಿಗೆ ಹಾಕಿದರು. ಆಮೇಲೆ 2022ರ ಒಂದೇ ಹಣಕಾಸು ವರ್ಷದಲ್ಲಿ ಅಮೆರಿಕದ ಗಡಿಗೆ ಬಂದ ಕ್ಯೂಬನ್ನರು ಎರಡು ಲಕ್ಷಕ್ಕೂ ಜಾಸ್ತಿ. ಹೂಮಳೆ ಅವರೇ, ನಿಮ್ಮ ಅತಿಥಿ ಸ್ಪೇನಿನಲ್ಲಿ ಯಾಕಿದ್ದಾರೆ ಅಂತ ನೀವಾಗಿ ಕೇಳಬೇಡಿ. ಹೇಳಿದರೆ ಕೇಳಿಸಿಕೊಳ್ಳಿ.

ಒಂದು ಒಳ್ಳೆಯ ವಿಷಯ. ಡಿಸೆಂಬರ್ 17ಕ್ಕೆ ನನ್ನ ಕ್ಯೂಬಾದ ಗೆಳತಿ ನೇರಳೆ ಬಟ್ಟೆ ಹಾಸಿ ಒಬ್ಬ ಸಂತನಿಗೆ ಮೇಣದಬತ್ತಿ ಹಚ್ಚುತ್ತಾಳೆ. ಚರ್ಚಿನವರಿಗೆ ಅವನು ಸಂತ ಲಾಜರಸ್, ಆಫ್ರಿಕದಿಂದ ಬಂದವರ ಮಕ್ಕಳಿಗೆ ಬಬಾಲು ಅಯೆ, ಸಿಡುಬಿನ ದೇವರು. ಹವಾನಾ ಹತ್ತಿರದ ಎಲ್ ರಿಂಕೋನ್ ಗುಡಿಗೆ ಆ ದಿನ ಜನ ಹರಕೆ ಹೊತ್ತು ನೆಲದ ಮೇಲೆ ತೆವಳಿಕೊಂಡು ಹೋಗುತ್ತಾರಂತೆ. ನಮ್ಮೂರಿನ ಮಾರಮ್ಮನ ಬಗ್ಗೆ, ಉರುಳು ಸೇವೆ ಬಗ್ಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಕಣದ ಮನೆ, ಸಕಲೇಶಪುರ

ಸರಿಯಾಗಿ ಹೇಳಿದಿರಿ ತಾಯಿ. ಬಿಟ್ಟದ್ದು ನನ್ನ ತಪ್ಪು. ಆ ಮನೆಯಾಕೆಯ ಮಗನೂ ಈಗ ಊರಲ್ಲಿಲ್ಲ. ಲಾಟೀನು ಹಿಡಿದು ಹೋದ ಹುಡುಗಿಯ ಮೊಮ್ಮಗ ಅವನು.

ಹೂಮಳೆ, ಮೂಡಿಗೆರೆ

ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಮ್ಮನಿಗೆ ಓದಿ ಹೇಳಿದೆ. ಅವರು ಬಂದಾಗ ಬಟಾಣಿ ಬೆರೆಸಿಯೇ ಒಂದು ದಿನ ಕಾಫಿ ಮಾಡಿಕೊಡೋಣ ಅಂತ ಅಮ್ಮನ ಹಟ. ಸರ್, ಬಟಾಣಿಯನ್ನು ಕಾಫಿ ಜೊತೆಗೇ ಹುರಿಯಬಹುದಾ?

ಕಣದ ಮನೆ, ಸಕಲೇಶಪುರ

ಬೇಡ, ಬೇರೆ ಬೇರೆ ಹುರಿಯಿರಿ. ಎರಡೂ ಒಂದೇ ಹದಕ್ಕೆ ಬರುವುದಿಲ್ಲ. ಒಣ ಬಟಾಣಿ ಕಪ್ಪಗಾಗುವ ತನಕ ಸಣ್ಣ ಉರಿ. ಅರ್ಧಕ್ಕರ್ಧ ಬೆರೆಸಿ. ತುಂಬಾ ನುಣ್ಣಗೆ ಪುಡಿ ಮಾಡಬೇಡಿ, ಬಟಾಣಿ ಹಿಟ್ಟು ಫಿಲ್ಟರಿನ ತೂತು ಕಟ್ಟುತ್ತೆ. ಸಕ್ಕರೆ ಧಾರಾಳವಾಗಿ ಹಾಕಿ, ಚಿಕ್ಕ ಲೋಟದಲ್ಲಿ ಕೊಡಿ. ಪಕ್ಕದಲ್ಲಿ ನಿಮ್ಮ ತೋಟದ ಅಪ್ಪಟ ಅರೇಬಿಕಾ ಒಂದು ಲೋಟ ಇರಲಿ. ಯಾವುದನ್ನು ಮೊದಲು ಎತ್ತಿಕೊಂಡರು ಅಂತ ಆಮೇಲೆ ಇಲ್ಲಿ ಬರೆಯಿರಿ.