ಪೈಪಿನೊಳಗಿನ ಸ್ಥಾಯಿ ತರಂಗ: ನಿಮಗೆ ಹೇಗೆ ಅರ್ಥವಾಯಿತು?

ಕೇಳಿದವರು, ಪ್ರಥಮ ಪಿಯುಸಿ: ತಂತಿಯ ಸ್ಥಾಯಿ ತರಂಗ (ಮುಂದೆ ಸಾಗದೆ ನಿಂತಲ್ಲೇ ಏರಿಳಿಯುವ ಅಲೆ) ತಿಳಿಯುತ್ತದೆ. ಪೈಪಿನಲ್ಲಿ ಇರುವುದು ನೀಳ ತರಂಗ (ಕಣಗಳು ಅಲೆಯ ಉದ್ದಕ್ಕೇ ಅಲುಗುವಂಥದ್ದು) ಅನ್ನುತ್ತಾರೆ, ಆದರೆ ಚಿತ್ರದಲ್ಲಿ ಅದೂ ತಂತಿಯ ಹಾಗೇ ಮೇಲೆ ಕೆಳಗೆ ಬಳುಕುತ್ತದೆ. ಮುಚ್ಚಿದ ತುದಿಯಲ್ಲಿ ನೋಡ್ (ಕಣ ಅಲುಗದ ಜಾಗ) ಅನ್ನುತ್ತಾರೆ, ಅಲ್ಲೇ ಒತ್ತಡ ಜಾಸ್ತಿ ಅಂತಲೂ ಅನ್ನುತ್ತಾರೆ. ಓದಿದವರು, ಕಲಿಸಿದವರು ದಯವಿಟ್ಟು ಹೇಳಿ.

ಪಿಯು ಉಪನ್ಯಾಸಕಿ: ಆ ಬಳುಕುವ ಗೆರೆ ಗಾಳಿಯ ಚಿತ್ರ ಅಲ್ಲ, ಗ್ರಾಫ್. ಗಾಳಿಯ ಕಣಗಳು ಪೈಪಿನ ಉದ್ದಕ್ಕೇ ಹಿಂದೆ ಮುಂದೆ ಓಡಾಡುತ್ತವೆ, ಎಷ್ಟು ಸರಿದವು ಅನ್ನುವುದನ್ನು ಗೆರೆಯ ಎತ್ತರದಲ್ಲಿ ತೋರಿಸಿರುತ್ತಾರೆ ಅಷ್ಟೇ. ನಾನು ತರಗತಿಯಲ್ಲಿ ಇದನ್ನು ಕೈಯಿಂದಲೇ ಮಾಡಿಸುತ್ತೇನೆ. ಗ್ರಾಫಿನ ಕೆಳಗೆ ಒಂದು ಸಾಲು ಚುಕ್ಕೆ ಇಡಿ. ಗೆರೆ ಮೇಲಿರುವ ಕಡೆ ಚುಕ್ಕೆಯನ್ನು ಬಲಕ್ಕೆ, ಕೆಳಗಿರುವ ಕಡೆ ಎಡಕ್ಕೆ ಸರಿಸಿ, ಎತ್ತರ ಎಷ್ಟಿದೆಯೋ ಅಷ್ಟು. ಒಂದು ನೋಡ್‌ಗೆ ಎರಡೂ ಕಡೆಯಿಂದ ಚುಕ್ಕೆಗಳು ಬಂದು ಒತ್ತಾಗುತ್ತವೆ, ಪಕ್ಕದ ನೋಡ್‌ನಿಂದ ಎರಡೂ ಕಡೆಗೆ ದೂರ ಹೋಗುತ್ತವೆ. ಕಂಪನದ ಅರ್ಧ ಸುತ್ತು ಕಳೆದರೆ ಅದಲು ಬದಲು. ಅಂದರೆ ಕಣ ಅಲುಗದ ಜಾಗದಲ್ಲೇ ಒತ್ತಡ ಅತಿ ಹೆಚ್ಚು ಏರಿಳಿಯುತ್ತದೆ. ತೆರೆದ ತುದಿಯಲ್ಲಿ ಇದಕ್ಕೆ ಉಲ್ಟಾ, ಕಣಕ್ಕೆ ಓಡಾಡಲು ಬೇಕಾದಷ್ಟು ಜಾಗ, ಒತ್ತಡ ಮಾತ್ರ ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ. ಸುಮ್ನೆ ಬಾಯಿಪಾಠ ಮಾಡಬೇಡಿ, ಚುಕ್ಕೆ ಹಾಕಿ ನೋಡಿ.

ಇನ್ನೊಬ್ಬರು: ಮೇಡಂ ಹೇಳಿದ್ದನ್ನು ಮನೆಯಲ್ಲೇ ಅಳೆಯಬಹುದು. ಸ್ಪೀಕರಿನಲ್ಲಿ 680 ಹರ್ಟ್ಜ್ ಸದ್ದು ಹಾಕಿ ಬರಿಗೋಡೆಗೆ (ಇಲ್ಲಿ ಅದೇ ಮುಚ್ಚಿದ ತುದಿ) ಎದುರಾಗಿ ಇಡಿ, ಡೆಸಿಬೆಲ್ ಆಪ್ ಇರುವ ಫೋನನ್ನು ಗೋಡೆಯಿಂದ ನಿಧಾನವಾಗಿ ಈಚೆ ತನ್ನಿ. ಗೋಡೆಯ ಹತ್ತಿರ ಜೋರು, ಸುಮಾರು 12-13 ಸೆಂ.ಮೀ.ನಲ್ಲಿ ಇಳಿಯುತ್ತದೆ, 25ರಲ್ಲಿ ಮತ್ತೆ ಏರುತ್ತದೆ. ಮೈಕ್ ಹಿಡಿಯುವುದು ಒತ್ತಡದ ಏರಿಳಿತವನ್ನು, ಅದಕ್ಕೇ ಹೀಗೆ. ಬೇರೆ ಗೋಡೆಗಳಿಂದಲೂ ಸದ್ದು ವಾಪಸ್ ಬರುವುದರಿಂದ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ.

ಬಿಎಸ್ಸಿ ವಿದ್ಯಾರ್ಥಿ: ಮುಂದೆ ಲ್ಯಾಬಿನಲ್ಲಿ ಮೆಲ್ಡೆ ಪ್ರಯೋಗ ಬರುತ್ತದೆ, ಈಗಲೇ ತಿಳಿದಿರಲಿ. ದಾರದ ಒಂದು ತುದಿಯನ್ನು ಟ್ಯೂನಿಂಗ್ ಫೋರ್ಕಿಗೆ (ಕಂಪಿಸುವ ಲೋಹದ ಕವೆ) ಕಟ್ಟಿ, ಇನ್ನೊಂದಕ್ಕೆ ತೂಕದ ತಟ್ಟೆ ತೂಗುಬಿಟ್ಟು ದಾರದಲ್ಲಿ ಸ್ಥಾಯಿ ತರಂಗ ಎಬ್ಬಿಸುವುದು ಅದು. ಅಲ್ಲಿ ಲಾಂಗಿಟ್ಯೂಡಿನಲ್ (ನೀಳ) ಜೋಡಣೆ ಅಂದರೆ ಟ್ಯೂನಿಂಗ್ ಫೋರ್ಕಿನ ತುದಿ ದಾರದ ಉದ್ದಕ್ಕೆ ಅಲುಗುತ್ತದೆ ಅಂತ. ದಾರದಲ್ಲಿ ಏಳುವುದು ಆಗಲೂ ಅಡ್ಡ ತರಂಗವೇ, ಅಂದರೆ ದಾರ ತನ್ನ ಉದ್ದಕ್ಕೆ ಅಡ್ಡಲಾಗಿಯೇ ಅಲುಗುತ್ತದೆ. ತುದಿ ಮುಂದೆ ಬಂದಾಗ ದಾರ ಸಡಿಲಾಗಿ ಒಂದು ಬದಿಗೆ ಬಳುಕುತ್ತದೆ, ಹಿಂದೆ ಹೋದಾಗ ಬಿಗಿಯಾಗಿ ನೇರವಾಗುತ್ತದೆ, ಮತ್ತೆ ಮುಂದೆ ಬಂದಾಗ ಎದುರು ಬದಿಗೆ ಬಳುಕುತ್ತದೆ. ಫೋರ್ಕ್ ಕಂಪನದ ಎರಡು ಸುತ್ತು ಮುಗಿಸುವಷ್ಟರಲ್ಲಿ ದಾರದ್ದು ಒಂದೇ ಸುತ್ತು. ಹಾಗಾಗಿ ದಾರದ ಉದ್ದ, ತಟ್ಟೆಯ ತೂಕ ಬದಲಿಸದೆ ಜೋಡಣೆ ಮಾತ್ರ ತಿರುಗಿಸಿದರೆ ಟ್ರಾನ್ಸ್‌ವರ್ಸ್‌ನಲ್ಲಿ (ತುದಿ ದಾರಕ್ಕೆ ಅಡ್ಡಲಾಗಿ ಅಲುಗುವ ಜೋಡಣೆ) 4 ಲೂಪ್, ಅಂದರೆ ಎರಡು ನೋಡ್ ನಡುವಿನ ಉಬ್ಬು, ಇದ್ದದ್ದು ಅಲೆಯುದ್ದ ಎರಡು ಪಟ್ಟಾಗಿ ಇಲ್ಲಿ 2 ಆಗುತ್ತದೆ.