ಮುಲೈದಾದಲ್ಲಿ ಗೆದ್ದ ರಶೀದಿ ಮನೆತನ ಮೂವತ್ತೇ ವರ್ಷಗಳಲ್ಲಿ ಅಳಿದುದೇಕೆ?

ಪ್ರಶ್ನೆ:
1891ರ ಮುಲೈದಾ ಕದನದಲ್ಲಿ ಉತ್ತರ ಅರೇಬಿಯಾದ ಹಾಯಿಲ್‌ನ ಅಮೀರ ಮುಹಮ್ಮದ್ ಅಲ್ ರಶೀದ್ ಕಸೀಮ್ ಪ್ರಾಂತದ ಪಡೆಗಳನ್ನು ಸೋಲಿಸಿದ ಮೇಲೆ, ಸೌದ್ ಮನೆತನದ ಅಬ್ದುಲ್ ರಹಮಾನ್ ರಿಯಾದ್ ತೊರೆದು ಕೊನೆಗೆ ಕುವೈತ್‌ನಲ್ಲಿ ಆಶ್ರಯ ಪಡೆಯಬೇಕಾಯಿತು. ಆದರೆ 1921ರ ನವೆಂಬರಿನಲ್ಲಿ ಹಾಯಿಲ್ ನಗರವೇ ಸೌದಿಗಳ ವಶವಾಯಿತು. 1902ರಲ್ಲಿ ಅಬ್ದುಲ್ ರಹಮಾನರ ಮಗ ಅಬ್ದುಲ್ ಅಜೀಜ್ ಬೆರಳೆಣಿಕೆಯ ಸಂಗಾತಿಗಳೊಂದಿಗೆ ರಿಯಾದ್‌ನ ಮಸ್ಮಕ್ ಕೋಟೆಯನ್ನು ಹಿಡಿದುದೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ಒಂದು ಕೋಟೆ ಕೈತಪ್ಪಿದ ಮಾತ್ರಕ್ಕೆ ಅಷ್ಟು ಬಲಿಷ್ಠ ಸಂಸ್ಥಾನ ಕುಸಿದೀತೇ?

ಉತ್ತರ 1:
ಮಸ್ಮಕ್‌ನ ಕಥೆ ಕೇಳಲು ರೋಚಕವಾಗಿದೆ, ಅಷ್ಟೇ. ನಿಜವಾದ ಹೋರಾಟ ನಡೆದದ್ದು ರಿಯಾದ್ ಮತ್ತು ಹಾಯಿಲ್‌ಗಳ ನಡುವೆ ಇರುವ ಕಸೀಮ್‌ಗಾಗಿ. ಬುರೈದಾ, ಉನೈಜಾಗಳಂಥ ವ್ಯಾಪಾರದ ಊರುಗಳು, ಖರ್ಜೂರದ ತೋಟಗಳು, ಒಂಟೆಗಳ ಸಾರ್ಥ ಸಾಗುವ ದಾರಿಗಳು ಎಲ್ಲವೂ ಅಲ್ಲಿದ್ದವು. 1904ರಲ್ಲಿ ರಶೀದಿಗಳ ನೆರವಿಗೆ ಆಟೋಮನ್ ಸೈನಿಕರು ಫಿರಂಗಿಗಳೊಂದಿಗೆ ಬಂದರೂ ಕಸೀಮ್ ಉಳಿಯಲಿಲ್ಲ. 1906ರ ಏಪ್ರಿಲ್‌ನಲ್ಲಿ ರೌದತ್ ಮುಹನ್ನಾದಲ್ಲಿ ರಶೀದಿ ಅಮೀರ ಅಬ್ದುಲ್ ಅಜೀಜ್ ಬಿನ್ ಮಿತೆಬ್ ಹತನಾದನು. (ಎರಡೂ ಕಡೆಯ ನಾಯಕರ ಹೆಸರು ಒಂದೇ ಆಗಿರುವುದರಿಂದ ಓದುವಾಗ ಎಚ್ಚರ ಬೇಕು.)

ಉತ್ತರ 2:
ಮೇಲಿನ ಉತ್ತರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಸೀಮ್ ಹೋದ ಮೇಲೂ ಹಾಯಿಲ್ ಹದಿನೈದು ವರ್ಷ ಉಳಿದಿತ್ತು. 1915ರ ಜನವರಿಯಲ್ಲಿ ಜರ್ರಾಬ್ ಕದನದಲ್ಲಿ ಸೌದಿಗಳನ್ನು ತಡೆಯುವಷ್ಟು ಶಕ್ತಿಯೂ ಅದಕ್ಕಿತ್ತು. ಅದನ್ನು ಒಳಗಿನಿಂದ ತಿಂದದ್ದು ದಾಯಾದಿಗಳ ಕೊಲೆ. 1906ರಲ್ಲಿ ಸತ್ತ ಅಮೀರನ ಮಗ ಮಿತೆಬ್‌ನನ್ನು ಬಂಧುಗಳೇ ಕೊಂದರು. ಅವನ ಜಾಗಕ್ಕೆ ಬಂದ ಸುಲ್ತಾನ್‌ನನ್ನು ಅವನ ತಮ್ಮ ಸೌದ್ ಬಿನ್ ಹಮೂದ್ ಕೊಂದನು. ಆ ತಮ್ಮನೂ ಹೆಚ್ಚು ಕಾಲ ಬಾಳಲಿಲ್ಲ. ಬಳಿಕ ಪಟ್ಟಕ್ಕೆ ಬಂದ ಬಾಲಕ ಸೌದ್ ಬಿನ್ ಅಬ್ದುಲ್ ಅಜೀಜ್‌ನ ಹೆಸರಿನಲ್ಲಿ ಅವನ ತಾಯಿಯ ಕಡೆಯ ಸಬ್ಹಾನ್ ಮನೆತನದವರು ಆಡಳಿತ ನಡೆಸಿದರು. 1920ರಲ್ಲಿ ಅವನನ್ನೂ ದಾಯಾದಿಯೊಬ್ಬನು ಕೊಂದನು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬ್ರಿಟಿಷರ ಪಾತ್ರ ಗೌಣವೇ?

ಉತ್ತರ 3:
ಗೌಣವಲ್ಲ. 1915ರ ಡಿಸೆಂಬರಿನ ದಾರಿನ್ ಒಪ್ಪಂದದಿಂದ ಸೌದಿಗಳಿಗೆ ಬ್ರಿಟಿಷರ ರಕ್ಷಣೆಯೂ, ಅನಂತರ ತಿಂಗಳಿಗೆ 5,000 ಪೌಂಡುಗಳ ಸಹಾಯಧನವೂ ದೊರೆತವು. ರಶೀದಿಗಳು ನೆಚ್ಚಿಕೊಂಡಿದ್ದ ಆಟೋಮನ್ನರಾದರೋ 1918ರಲ್ಲಿ ಸೋತು ಹೋದರು. ಆದರೂ ನನ್ನ ದೃಷ್ಟಿಯಲ್ಲಿ ಎರಡನೆಯ ಉತ್ತರವೇ ಹೆಚ್ಚು ಸರಿ, ಏಕೆಂದರೆ 1921ರ ಮುತ್ತಿಗೆಯ ಕಾಲದಲ್ಲಿ ಹಾಯಿಲ್‌ನ ಅಮೀರನೇ ಶತ್ರುವಿನ ಬಳಿಗೆ ಹೋಗಿ ಶರಣಾದನು. ಸೌದ್ ಮನೆತನದ ಅಬ್ದುಲ್ ಅಜೀಜ್ ಸೋತವರನ್ನು ನಿರ್ಮೂಲ ಮಾಡದೆ ನಂಟಸ್ತಿಕೆ ಬೆಳೆಸಿದರು. 1920ರಲ್ಲಿ ಕೊಲೆಯಾದ ಸೌದ್‌ನ ವಿಧವೆ, ಶಮ್ಮರ್ ಬುಡಕಟ್ಟಿನ ಫಹ್ದಾಳನ್ನು ಅವರು ವರಿಸಿದರು. 2005ರಲ್ಲಿ ಸೌದಿ ಅರೇಬಿಯಾದ ದೊರೆಯಾದ ಅಬ್ದುಲ್ಲಾ ಆಕೆಯ ಮಗ.