ಮಾಣಿಯ ಊಟದ ಡಬ್ಬಿಯ ಬಗ್ಗೆ ತಂಗಿಗೆ ಉತ್ತರ

ತಂಗೀ, ಬರೆದರೆ ಉದ್ದವಾಗುತ್ತದೆಂದು ಮಾತನಾಡಿಯೇ ಕಳಿಸುತ್ತಿದ್ದೇನೆ, ಬಿಡುವಾದಾಗ ಕೇಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ನಿಮ್ಮ ಮನೆಯ ಹುಡುಗ ಮಾಣಿ ಶಾಲೆಗೆ ಒಯ್ಯುವ ಡಬ್ಬಿ ಹಾಗೆಯೇ ಮರಳಿ ಬರುತ್ತಿದೆ, ಅವನಿಗೆ ಶಾಲೆಯ ಊಟವೇ ಬೇಕಂತೆ ಎಂದು ನಿನ್ನೆ ನೀನು ಬೇಸರಪಟ್ಟೆ. ಆ ದೇಶದ ಊಟಕ್ಕೆ ಬಿದ್ದರೆ ಮಗು ಕೆಟ್ಟಂತೆಯೇ ಎಂದು ಭಾವ ಉತ್ತರಿಸಿದರು. ಭಾವನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಲ್ಲಿದ್ದು ಬಂದ ನನಗೆ ಕಂಡದ್ದು ಬೇರೆ.

ನನ್ನ ದೊಡ್ಡ ಮೊಮ್ಮಗನ ಡಬ್ಬಿಯೂ ಹೀಗೆಯೇ ಬರುತ್ತಿತ್ತು. ಬೆಳಿಗ್ಗೆ ಹಾಕಿಕೊಟ್ಟ ತೆಳ್ಳೇವು, ಅಂದರೆ ತೆಳು ದೋಸೆ, ಸಂಜೆಗೆ ಅಂಚು ಒಣಗಿ ಸುರುಳಿಯಾಗಿರುತ್ತಿತ್ತು, ಮಗಳು ಅವನನ್ನು ಗದರುತ್ತಿದ್ದಳು. ಒಂದು ದಿನ ಡಬ್ಬಿಯನ್ನು ಅವನ ಕೈಗೇ ಕೊಟ್ಟು ತೆಗೆ ಎಂದೆ. ಆ ಸ್ಟೀಲಿನ ಮುಚ್ಚಳ ಅವನ ಬೆರಳಿಗೆ ಜಗ್ಗಲೇ ಇಲ್ಲ. ಊಟಕ್ಕೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಯಾರನ್ನು ಕೇಳುವುದೆಂದು ತಿಳಿಯದೆ ಸುಮ್ಮನೆ ಕುಳಿತಿರುತ್ತಿದ್ದನಂತೆ. ನನಗೆ ಅಂದು ಅಳು ಬಂತು. ನೀನೂ ಮೊದಲು ಮುಚ್ಚಳ ನೋಡು.

ಶಾಲೆಯ ಊಟಕ್ಕೆ ಅಷ್ಟು ಹೆದರಬೇಕಾಗಿಲ್ಲ. ನಮ್ಮಲ್ಲಿ ಅಕ್ಷರ ದಾಸೋಹ ಇದ್ದಂತೆ ಅಲ್ಲಿ 1946ರಿಂದ ಸರ್ಕಾರದ ಶಾಲಾ ಊಟದ ಯೋಜನೆಯಿದೆ. 2010ರ ಕಾನೂನಿನ ನಂತರ ಮಗುವಿನ ತಟ್ಟೆಯಲ್ಲಿ ಹಣ್ಣೋ ತರಕಾರಿಯೋ ಇರಲೇಬೇಕೆಂಬ ನಿಯಮ ಬಂತು. ಮಾಂಸವಿಲ್ಲದ್ದು ಯಾವುದೆಂದು ಶಾಲೆಯಲ್ಲಿ ವಿಚಾರಿಸಿಕೊಂಡು ವಾರಕ್ಕೆರಡು ದಿನ ಅಲ್ಲಿಯೇ ಉಣ್ಣಲಿ.

ನನಗೆ ಚಿಂತೆಯಾದದ್ದು ನಮ್ಮದೇ ಮನೆಯ ಫ್ರಿಜ್ ನೋಡಿ. ಪಕ್ಕದ ಮನೆಯವರು ತಲೆತಲಾಂತರದಿಂದ ಅಲ್ಲಿಯವರು. ಅವರ ಹುಡುಗಿ ಸಂಜೆ ಹಸಿ ಗಜ್ಜರಿ ಕಡಿಯುತ್ತ, ಸಕ್ಕರೆ ಹಾಕದ ಹಾಲು ಕುಡಿಯುತ್ತಿದ್ದಳು. ನಮ್ಮ ಹುಡುಗನಿಗೆ ಬೆಳಿಗ್ಗೆ ಚಾಕಲೇಟ್ ಹಾಲು, ಶಾಲೆಯಿಂದ ಬಂದೊಡನೆ ಜ್ಯೂಸ್, ರಾತ್ರಿ ಬಟಾಟೆ ಪಲ್ಯದ ಜೊತೆ ಅನ್ನ. ಜ್ಯೂಸೆಂದರೆ ಹಣ್ಣೇ ಎಂದು ಮಗಳು ನಂಬಿದ್ದಳು. ಆದರೆ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ದಿನಕ್ಕೆ 120ರಿಂದ 180 ಮಿಲಿಲೀಟರಿಗಿಂತ ಹೆಚ್ಚು ಜ್ಯೂಸ್ ಬೇಡವೆಂದು ಅಲ್ಲಿಯ ಮಕ್ಕಳ ವೈದ್ಯರ ಸಂಘ 2017ರಲ್ಲಿಯೇ ಹೇಳಿದೆ. ಎರಡು ವರ್ಷ ದಾಟಿದ ಮಕ್ಕಳಿಗೆ ಮೇಲಿಂದ ಹಾಕಿದ ಸಕ್ಕರೆ ದಿನಕ್ಕೆ 25 ಗ್ರಾಂ ಮೀರಬಾರದು ಎಂದು ಅಲ್ಲಿಯ ಹೃದಯ ಸಂಘ ಹೇಳುತ್ತದೆ. 355 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲೇ 39 ಗ್ರಾಂ ಇರುತ್ತದೆ.

ಅಂದರೆ ವಲಸೆ ಹೋದವರ ಮನೆಯಲ್ಲಿ ಅಡುಗೆ ಒಮ್ಮೆಲೇ ಬದಲಾಗುವುದಿಲ್ಲ. ಅನ್ನ ಉಳಿಯುತ್ತದೆ, ಸೊಪ್ಪು, ತಂಬುಳಿ, ಬಾಳೆದಿಂಡಿನ ಪಲ್ಯ ಮೆಲ್ಲಗೆ ಜಾರುತ್ತವೆ, ಅವುಗಳ ಜಾಗಕ್ಕೆ ಸಿಹಿ ಬಂದು ಕೂರುತ್ತದೆ. ಇದನ್ನು ದೇಶದ ತಪ್ಪೆನ್ನಲಾರೆ, ಏಕೆಂದರೆ ಇಲ್ಲಿ ಶಿರಸಿಯಲ್ಲಿ ನಮ್ಮ ಕಣ್ಣೆದುರಿಗಿರುವ ಮಕ್ಕಳೂ ಅಂಗಡಿಯ ಪ್ಯಾಕೆಟ್ ಹಿಡಿದೇ ಓಡಾಡುತ್ತಾರೆ. ನಮ್ಮ ಮೈಗೆ ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ. ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಬಿಎಂಐ ಲೆಕ್ಕ 25ಕ್ಕೆ ಏರುವವರೆಗೆ ಕಾಯದೆ 23ಕ್ಕೇ ಏಷ್ಯಾ ಮೂಲದ ದೊಡ್ಡವರನ್ನು ತಪಾಸಣೆ ಮಾಡಿ ಎಂದು ಅಲ್ಲಿಯ ಮಧುಮೇಹ ಸಂಘವೇ 2015ರಿಂದ ಹೇಳುತ್ತಿದೆ. ಆದ್ದರಿಂದ ಮಧ್ಯಾಹ್ನ ಅವನು ಏನಾದರೂ ಉಣ್ಣಲಿ, ರಾತ್ರಿಯ ಊಟ ನಿನ್ನ ಕೈಯಲ್ಲಿರಲಿ.

ಒಂದೆಲಗ ಅಲ್ಲಿ ಸಿಗದೆ ನಾನು ಪಾಲಕ್‌ನಲ್ಲೇ ತಂಬುಳಿ ಮಾಡುತ್ತಿದ್ದೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದರಲ್ಲೇ ಸೊಪ್ಪು ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ಬೀಸಿ ಮಜ್ಜಿಗೆಗೆ ಸೇರಿಸು. ಮೊಮ್ಮಗ ಅದನ್ನು ಹಸಿರು ಮಜ್ಜಿಗೆ ಎಂದು ಕರೆದು ಲೋಟದಲ್ಲಿ ಕುಡಿಯುತ್ತಿದ್ದ. ಇಂದು ಸಂಜೆ ಡಬ್ಬಿಯನ್ನು ಮಾಣಿಯ ಕೈಯಲ್ಲೇ ತೆಗೆಸಿ ನೋಡಿ, ಏನಾಯಿತೆಂದು ನನಗೆ ತಿಳಿಸು.